ಪಾರಿ ದ್ವೀಪದ ನಾಲ್ವರು ಮತ್ತು ಒಂದು ಸಿಮೆಂಟ್ ಕಂಪನಿ: ಸ್ವಿಸ್ ಕೋರ್ಟಿನಲ್ಲಿ ನಿಜಕ್ಕೂ ಆಗಿದ್ದೇನು?

2025ರ ಡಿಸೆಂಬರ್ ಕೊನೆಗೆ ಸ್ವಿಟ್ಜರ್ಲೆಂಡಿನಿಂದ ಒಂದು ಸುದ್ದಿ ಬಂತು. ಇಂಡೋನೇಷ್ಯಾದ ಪಾರಿ ಎಂಬ ಪುಟ್ಟ ದ್ವೀಪದ ನಾಲ್ವರು ನಿವಾಸಿಗಳು ಹೋಲ್ಸಿಮ್ ಕಂಪನಿಯ ಮೇಲೆ ಮೊಕದ್ದಮೆ ಹೂಡಿದ್ದರು. ಅದನ್ನು ವಿಚಾರಣೆಗೆ ತೆಗೆದುಕೊಳ್ಳಬಹುದು ಎಂದು ಝುಗ್ ನಗರದ ಕೋರ್ಟು ಹೇಳಿತು. ಹೋಲ್ಸಿಮ್ ಜಗತ್ತಿನ ಅತಿ ದೊಡ್ಡ ಸಿಮೆಂಟ್ ಕಂಪನಿಗಳಲ್ಲಿ ಒಂದು. ದೂರು ಇಷ್ಟು: ನಿಮ್ಮ ಕಾರ್ಖಾನೆಗಳ ಹೊಗೆಯಿಂದ ಭೂಮಿ ಬಿಸಿಯಾಗಿದೆ, ಅದರಿಂದ ಸಮುದ್ರ ಏರಿದೆ, ಏರಿದ ಸಮುದ್ರ ನಮ್ಮ ಮನೆಯೊಳಗೆ ಬರುತ್ತಿದೆ.

ಓದಿದವರಿಗೆ ಗೊಂದಲವಾಗುವುದು ಸಹಜ. ದ್ವೀಪ ಇರುವುದು ಇಂಡೋನೇಷ್ಯಾದಲ್ಲಿ, ಕೋರ್ಟು ಯುರೋಪಿನಲ್ಲಿ. ಆ ಕಂಪನಿಗೆ ಪಾರಿಯಲ್ಲಿ ಕಾರ್ಖಾನೆ ಇಲ್ಲ. ಇಂಡೋನೇಷ್ಯಾದಲ್ಲಿದ್ದ ವ್ಯವಹಾರವನ್ನೂ ಅದು 2019ರಲ್ಲೇ ಮಾರಿ ಹೋಗಿದೆ. ಇಷ್ಟೆಲ್ಲ ಮಾಡಿ ಆ ನಾಲ್ವರು ಕೇಳುತ್ತಿರುವುದು ತಲಾ ಸುಮಾರು 3,600 ಸ್ವಿಸ್ ಫ್ರಾಂಕ್, ಅಂದರೆ ಅಂದಾಜು ನಾಲ್ಕು ಲಕ್ಷ ರೂಪಾಯಿ. ಇಷ್ಟು ದುಡ್ಡಿಗೆ ಅಷ್ಟು ದೂರ ಯಾಕೆ ಹೋಗಬೇಕಿತ್ತು?

ಒಂದು ಮಾತು ಮೊದಲೇ ಹೇಳಿಬಿಡಬೇಕು. ಇನ್ನೂ ಯಾರೂ ಗೆದ್ದಿಲ್ಲ. ಕೋರ್ಟು ಹೇಳಿದ್ದು "ನಿಮ್ಮ ಮಾತು ಕೇಳುತ್ತೇವೆ" ಎಂದಷ್ಟೇ. ಪರಿಹಾರ ಕೊಡಬೇಕೋ ಬೇಡವೋ ಎಂಬ ವಿಚಾರಣೆ ಇನ್ನು ಮುಂದಿನದು. ಕಂಪನಿ ಈ ಆದೇಶದ ಮೇಲೂ ಮೇಲ್ಮನವಿಗೆ ಹೋಗುವುದಾಗಿ ಹೇಳಿದೆ. ಆದರೂ ಇದು ಸಣ್ಣ ವಿಷಯವಲ್ಲ. ಯಾಕೆ ಅಂತ ತಿಳಿಯಲು ಮೊದಲು ಆ ದ್ವೀಪವನ್ನೇ ನೋಡಬೇಕು.

ರಾಜಧಾನಿಯ ಒಳಗೇ ಇರುವ ಹಳ್ಳಿ

ಪಾರಿ ಎಲ್ಲೋ ನಾಗರಿಕತೆಯಿಂದ ದೂರ ಇರುವ ದ್ವೀಪ ಎಂದುಕೊಂಡರೆ ತಪ್ಪು. ಜಕಾರ್ತದ ಉತ್ತರಕ್ಕೆ, ಸುಮಾರು 40 ಕಿಲೋಮೀಟರ್ ದೂರದಲ್ಲಿ, ಜಾವಾ ಸಮುದ್ರದಲ್ಲಿದೆ. ಆ ದ್ವೀಪಸಮೂಹಕ್ಕೆ 'ಸಾವಿರ ದ್ವೀಪಗಳು' ಎಂಬ ಹೆಸರು. ನಿಜದಲ್ಲಿ ಇರುವುದು ನೂರಕ್ಕೆ ಸ್ವಲ್ಪ ಜಾಸ್ತಿ, ಅದರಲ್ಲೂ ಜನ ವಾಸ ಇರುವುದು ಹತ್ತು ಹನ್ನೊಂದರಲ್ಲಿ ಮಾತ್ರ. ಆಡಳಿತದ ಲೆಕ್ಕದಲ್ಲಿ ಇವೆಲ್ಲ ಜಕಾರ್ತ ಪ್ರಾಂತ್ಯದ್ದೇ. ಅಂದರೆ ಗಗನಚುಂಬಿ ಕಟ್ಟಡಗಳ ಆ ಮಹಾನಗರದ ಗವರ್ನರೇ ಈ ಮೀನುಗಾರರ ಊರಿಗೂ ಗವರ್ನರ್.

ದ್ವೀಪದ ವಿಸ್ತೀರ್ಣ ಸುಮಾರು 42 ಹೆಕ್ಟೇರ್. ಬೆಂಗಳೂರಿನ ಲಾಲ್‌ಬಾಗಿನ ಅರ್ಧದಷ್ಟೂ ಇಲ್ಲ. ಅದರಲ್ಲಿ ಸುಮಾರು 1,500 ಜನ. ಹವಳದ ಮರಳಿನ ನೆಲ, ಬಹುಪಾಲು ಜಾಗ ಸಮುದ್ರ ಮಟ್ಟದಿಂದ ಒಂದೂವರೆ ಮೀಟರ್ ಎತ್ತರವಷ್ಟೇ. ಗುಡ್ಡ ಅನ್ನುವುದೇ ಇಲ್ಲ. ನೀರು ಬಂದರೆ ಓಡಿಹೋಗಿ ನಿಲ್ಲಲು ಎತ್ತರದ ಜಾಗವೂ ಇಲ್ಲ.

ಇಲ್ಲಿನವರ ಕಸುಬು ಎರಡು ಸಲ ಬದಲಾಗಿದೆ. ಮೊದಲಿನಿಂದಲೂ ಮೀನುಗಾರಿಕೆ ಇತ್ತು. ಆಮೇಲೆ ಕಡಲಪಾಚಿ ಬೆಳೆ ಬಂತು. ಆಳವಿಲ್ಲದ ನೀರಿನಲ್ಲಿ ಹಗ್ಗ ಕಟ್ಟಿ, ಅದಕ್ಕೆ ಪಾಚಿಯ ತುಂಡುಗಳನ್ನು ಬಿಗಿದು, ಬೆಳೆದ ಮೇಲೆ ಕೊಯ್ದು, ಒಣಗಿಸಿ ಮಾರುವ ಕೆಲಸ. ಐಸ್‌ಕ್ರೀಮಿನಿಂದ ಟೂತ್‌ಪೇಸ್ಟಿನ ತನಕ ಎಲ್ಲದಕ್ಕೂ ಇದರ ಅಂಟು ಬೇಕು, ಹಾಗಾಗಿ ಬೇಡಿಕೆ ಇತ್ತು. ಪಾಚಿಗೆ ಬೇಕಾದದ್ದು ಶುದ್ಧ ನೀರು ಮತ್ತು ಹದವಾದ ಬಿಸಿ, ಎರಡೂ ಕೆಟ್ಟವು. ಜಕಾರ್ತ ಕೊಲ್ಲಿಗೆ 13 ನದಿಗಳು ನಗರದ ಕೊಳೆಯನ್ನೆಲ್ಲ ತಂದು ಸುರಿಯುತ್ತವೆ. ನೀರೂ ಬಿಸಿಯಾಗುತ್ತಾ ಬಂತು. ಪಾಚಿ ಬೆಳೆ ಬಿದ್ದುಹೋಯಿತು.

ಮೂರನೆಯದು ಪ್ರವಾಸೋದ್ಯಮ. ದೊಡ್ಡ ರೆಸಾರ್ಟುಗಳಲ್ಲ, ಊರಿನವರೇ ನಡೆಸುವಂಥದ್ದು. ಜಕಾರ್ತದ ಬಂದರಿನಿಂದ ಶನಿವಾರ ಬೆಳಗ್ಗೆ ಮರದ ದೋಣಿಗಳು ಜನರನ್ನು ತುಂಬಿಕೊಂಡು ಹೊರಡುತ್ತವೆ. ಮನೆಯ ಒಂದೆರಡು ಕೋಣೆ ಬಿಟ್ಟುಕೊಟ್ಟು ಹೋಮ್‌ಸ್ಟೇ, ಬಾಡಿಗೆ ಸೈಕಲ್, ಹವಳ ನೋಡಲು ಮುಳುಗುವ ಕನ್ನಡಕ, ಸಂಜೆಗೆ ಸುಟ್ಟ ಮೀನು. ಪಾಸಿರ್ ಪೆರಾವಾನ್ ಎಂಬ ಬಿಳಿ ಮರಳಿನ ತೀರವನ್ನು ಊರಿನವರೇ ಗುಡಿಸಿ, ನೆರಳು ಮಾಡಿ, ಅಂಗಡಿ ಹಾಕಿದ್ದಾರೆ. ಬಹಳ ಮನೆಗಳಿಗೆ ಇವತ್ತು ಕೈಗೆ ನಗದು ಬರುವುದು ಇದರಿಂದಲೇ.

ನೀರು ಬಂದರೆ ಕೆಡುವುದು ಮನೆಯ ನೆಲ ಮಾತ್ರವಲ್ಲ

ದೊಡ್ಡ ಉಬ್ಬರದ ದಿನಗಳಲ್ಲಿ ಸಮುದ್ರ ದಡ ದಾಟಿ ಊರೊಳಗೆ ಬರುವುದನ್ನು ಅಲ್ಲಿ 'ರೋಬ್' ಅನ್ನುತ್ತಾರೆ. 2021ರ ಒಂದೇ ವರ್ಷದಲ್ಲಿ ಇದು ಐದು ಸಲ ಬಂತು ಎಂಬುದು ದಾವೆ ಹೂಡಿದವರ ಮಾತು. ದ್ವೀಪದ ಶೇ 11ರಷ್ಟು ನೆಲ ಈಗಾಗಲೇ ಕಡಲು ಪಾಲಾಗಿದೆ, 2050ರ ಹೊತ್ತಿಗೆ ಬಹುಪಾಲು ಮುಳುಗಬಹುದು ಎಂದು ಅವರ ಬೆನ್ನಿಗಿರುವ ಪರಿಸರ ಸಂಘಟನೆಗಳು ಹೇಳುತ್ತವೆ.

ಇಂಥ ದ್ವೀಪದಲ್ಲಿ ನೆರೆಯ ನಿಜವಾದ ಪೆಟ್ಟು ಬಾವಿಗೆ. ಹವಳದ ದ್ವೀಪಗಳಲ್ಲಿ ಮಳೆನೀರು ಮರಳಿನಲ್ಲಿ ಇಳಿದು, ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳಗಿನ ಪದರವಾಗಿ ನಿಂತಿರುತ್ತದೆ. ಸಿಹಿನೀರು ಹಗುರ, ಉಪ್ಪುನೀರು ಭಾರ, ಅದಕ್ಕೆ. ಬಾವಿಗೆ ಸಿಗುವುದು ಆ ತೆಳು ಪದರವೇ. ಸಮುದ್ರ ಒಮ್ಮೆ ಮೇಲಿನಿಂದ ಹರಿದು ಬಂದರೆ ಉಪ್ಪು ನೇರ ಆ ಪದರಕ್ಕೆ ಇಳಿಯುತ್ತದೆ. ಅದು ಮತ್ತೆ ತೊಳೆದು ಹೋಗಲು ಒಳ್ಳೆ ಮಳೆಗಾಲ ಬೇಕು. ಅಷ್ಟರೊಳಗೆ ಇನ್ನೊಂದು ರೋಬ್ ಬಂದರೆ ಮುಗಿಯಿತು. ಕುಡಿಯುವ ನೀರನ್ನು ದುಡ್ಡು ಕೊಟ್ಟು ತರಬೇಕು. ಹೋಮ್‌ಸ್ಟೇಗೆ ಬಂದವರಿಗೆ ಸ್ನಾನಕ್ಕೆ ಕೊಡುವ ನೀರೂ ಉಪ್ಪು. ಊರಲ್ಲಿ ನೀರು ನುಗ್ಗಿದೆ ಅಂತ ಗೊತ್ತಾದರೆ ಆ ವಾರದ ಬುಕಿಂಗ್‌ಗಳು ರದ್ದಾಗುತ್ತವೆ. ಒಂದು ರಾತ್ರಿ ಬಂದುಹೋದ ನೀರು ಒಂದು ತಿಂಗಳ ಸಂಪಾದನೆಯನ್ನು ಕಿತ್ತುಕೊಂಡು ಹೋಗುವುದು ಹೀಗೆ.

ಊರಿನವರು ಸುಮ್ನೆ ಕೂತಿಲ್ಲ. ತೀರದುದ್ದಕ್ಕೂ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ನೆಡುತ್ತಿದ್ದಾರೆ, ಅದರಲ್ಲೂ ಹೆಂಗಸರ ಗುಂಪು ಮುಂದಿದೆ. ಕಾಂಡ್ಲಾ ಬೇರುಗಳು ಅಲೆಯ ಹೊಡೆತ ತಗ್ಗಿಸುತ್ತವೆ, ಮರಳು ಹಿಡಿದಿಡುತ್ತವೆ. ಆದರೆ ಗಿಡ ಬೇರೂರಿ ಗಟ್ಟಿಯಾಗಲು ವರ್ಷಗಳು ಬೇಕು. ಎಳೆ ಗಿಡಗಳನ್ನೇ ಅಲೆ ಎಳೆದುಕೊಂಡು ಹೋದರೆ ಮತ್ತೆ ಮೊದಲಿನಿಂದ ನೆಡಬೇಕು.

ಸಿಮೆಂಟಿಗೂ ಸಮುದ್ರಕ್ಕೂ ಏನು ನಂಟು?

ಕಲ್ಲಿದ್ದಲು, ಪೆಟ್ರೋಲಿನ ಹೊಗೆಯ ಬಗ್ಗೆ ಎಲ್ಲರಿಗೂ ಗೊತ್ತು. ಸಿಮೆಂಟಿನ ಮೇಲೆ ಯಾಕೆ ಕಣ್ಣು?

ಸಿಮೆಂಟಿನ ಮೂಲ ಸುಣ್ಣದ ಕಲ್ಲು. ಅದನ್ನು ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಬಿಸಿಯ ಗೂಡಿನಲ್ಲಿ ಸುಟ್ಟು 'ಕ್ಲಿಂಕರ್' ಎಂಬ ಗಟ್ಟಿ ಉಂಡೆಗಳನ್ನು ಮಾಡುತ್ತಾರೆ. ಅದನ್ನು ಅರೆದರೆ ಸಿಮೆಂಟು. ಸುಡಲು ಕಲ್ಲಿದ್ದಲು ಬೇಕು, ಅದರಿಂದ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅದಕ್ಕಿಂತ ಜಾಸ್ತಿ ಅನಿಲ ಬರುವುದು ಕಲ್ಲಿನ ಒಳಗಿನಿಂದಲೇ. ಸುಣ್ಣದ ಕಲ್ಲು ಬಿಸಿಗೆ ಒಡೆದಾಗ ಸುಣ್ಣ ಉಳಿಯುತ್ತದೆ, ಅನಿಲ ಹಾರುತ್ತದೆ. ಒಂದು ಟನ್ ಕ್ಲಿಂಕರ್ ಮಾಡಿದರೆ ಅರ್ಧ ಟನ್ನಿಗೂ ಜಾಸ್ತಿ ಅನಿಲ ಕಲ್ಲಿನದ್ದೇ. ಗೂಡಿಗೆ ಸೌರಶಕ್ತಿ ಕೊಟ್ಟರೂ ಇದು ನಿಲ್ಲುವುದಿಲ್ಲ. ಹಾಗಾಗಿ ಜಗತ್ತಿನ ಒಟ್ಟು ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಶೇ 7–8 ಸಿಮೆಂಟಿನ ಪಾಲು.

ಆ ಅನಿಲ ಗಾಳಿಯಲ್ಲಿ ಸೇರಿ ಭೂಮಿಯ ಬಿಸಿ ಹಿಡಿದಿಡುತ್ತದೆ. ಬಿಸಿಯಾದ ಸಮುದ್ರದ ನೀರು ಹಿಗ್ಗುತ್ತದೆ, ಜೊತೆಗೆ ಹಿಮನದಿಗಳು ಕರಗಿ ಸೇರುತ್ತವೆ. 1901ರಿಂದ 2018ರ ನಡುವೆ ಜಗತ್ತಿನ ಸಮುದ್ರ ಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿದೆ. 2006ರ ನಂತರದ ವೇಗ ವರ್ಷಕ್ಕೆ 3.7 ಮಿಲಿಮೀಟರ್. ಕೇಳಲು ಕಮ್ಮಿ ಅನಿಸುತ್ತದೆ, ಅಲ್ವಾ? ಆದರೆ ಉಬ್ಬರ ಶುರುವಾಗುವ ಮಟ್ಟವೇ ಒಂದು ಗೇಣು ಮೇಲೆ ಹೋಗಿದೆ. ಹಿಂದೆ ದಡದಲ್ಲೇ ನಿಲ್ಲುತ್ತಿದ್ದ ಅಲೆ ಈಗ ದಾಟಿ ಬರುತ್ತದೆ. ಒಂದೂವರೆ ಮೀಟರ್ ಎತ್ತರದ ಊರಿಗೆ ಇದು ದೊಡ್ಡ ವ್ಯತ್ಯಾಸ.

ಕೋರ್ಟಿನ ಮುಂದೆ ಇಟ್ಟ ಲೆಕ್ಕ

ಅಮೆರಿಕದ ಒಂದು ಸಂಶೋಧನಾ ಸಂಸ್ಥೆ ಹೋಲ್ಸಿಮ್‌ನ ಹಳೆಯ ಲೆಕ್ಕ ತೆಗೆದಿದೆ. ಅದರ ಪ್ರಕಾರ 1950ರಿಂದ 2021ರ ತನಕ ಈ ಕಂಪನಿಯಿಂದ ಬಂದದ್ದು 700 ಕೋಟಿ ಟನ್ನಿಗೂ ಮಿಕ್ಕಿದ ಇಂಗಾಲದ ಡೈಆಕ್ಸೈಡ್. ಕೈಗಾರಿಕಾ ಯುಗ ಶುರುವಾದಂದಿನಿಂದ ಜಗತ್ತಿನಲ್ಲಿ ಕೈಗಾರಿಕೆಗಳಿಂದ ಬಂದ ಒಟ್ಟು ಮೊತ್ತದಲ್ಲಿ ಇದು ಶೇ 0.42.

ಮೊಕದ್ದಮೆ ನಿಂತಿರುವುದು ಈ ಒಂದು ಅಂಕಿಯ ಮೇಲೆ. ನಾಲ್ವರೂ ತಮ್ಮ ಪೂರ್ತಿ ನಷ್ಟವನ್ನು ಹೋಲ್ಸಿಮ್ ತುಂಬಲಿ ಎಂದು ಕೇಳುತ್ತಿಲ್ಲ. ನಮ್ಮ ನಷ್ಟದಲ್ಲಿ ಮತ್ತು ಊರನ್ನು ಉಳಿಸಿಕೊಳ್ಳುವ ಖರ್ಚಿನಲ್ಲಿ ನಿಮ್ಮ ಪಾಲು ಶೇ 0.42, ಅಷ್ಟು ಕೊಡಿ ಎನ್ನುತ್ತಿದ್ದಾರೆ. ಮೊತ್ತ ಸಣ್ಣದಾಗಿ ಕಾಣುವುದು ಅದಕ್ಕೆ. ಕಾಂಡ್ಲಾ ನೆಡುವುದು, ಅಲೆತಡೆ ಕಟ್ಟುವುದು ಇದರಲ್ಲಿ ಸೇರಿದೆ. ಇದರ ಜೊತೆಗಿನ ಇನ್ನೊಂದು ಬೇಡಿಕೆಯೇ ಕಂಪನಿಗೆ ನಿಜವಾದ ತಲೆನೋವು. 2019ಕ್ಕೆ ಹೋಲಿಸಿದರೆ 2030ರೊಳಗೆ ಶೇ 43, 2040ರೊಳಗೆ ಶೇ 69ರಷ್ಟು ಹೊಗೆ ತಗ್ಗಿಸಬೇಕು ಎಂಬುದು ಅದು.

ಝುಗ್ ಯಾಕೆ? ಕಂಪನಿಯ ಮುಖ್ಯ ಕಚೇರಿ ಅಲ್ಲಿದೆ. ಪ್ರತಿವಾದಿ ಎಲ್ಲಿದ್ದಾನೋ ಅಲ್ಲಿ ದಾವೆ ಹೂಡುವುದು ಎಲ್ಲ ಕಡೆಯ ಸಾಮಾನ್ಯ ನಿಯಮ. ಸ್ವಿಸ್ ಪದ್ಧತಿಯಂತೆ ಮೊದಲು ರಾಜಿ ಪ್ರಯತ್ನ ಆಗಬೇಕು. 2022ರ ಜುಲೈನಲ್ಲಿ ಆ ಅರ್ಜಿ ಹೋಯಿತು, ಫಲ ಸಿಗಲಿಲ್ಲ. 2023ರ ಆರಂಭದಲ್ಲಿ ದಾವೆ, 2025ರ ಸೆಪ್ಟೆಂಬರ್ 3ರಂದು ವಾದ. ಅವತ್ತು ವಾದ ನಡೆದದ್ದು ಒಂದೇ ಪ್ರಶ್ನೆಯ ಮೇಲೆ: ಇಂಥ ಪ್ರಕರಣವನ್ನು ಸಿವಿಲ್ ಕೋರ್ಟು ಕೇಳಬಹುದೇ?

ಕೇಳಬಹುದು ಎಂದಿತು ಕೋರ್ಟು. ಹವಾಮಾನ ನೀತಿ ಮಾಡುವುದು ಸಂಸತ್ತಿನ ಕೆಲಸ ನಿಜ, ಆದರೆ ಕೋರ್ಟಿನ ತೀರ್ಪು ಆ ನೀತಿಯ ಜಾಗ ಕಸಿಯುವುದಿಲ್ಲ, ಅದಕ್ಕೆ ಪೂರಕವಾಗಿರುತ್ತದೆ ಎಂಬುದು ಅದರ ನಿಲುವಿನ ಸಾರ. ದಾವೆಗೆ ಸ್ವಿಸ್ ಸಿವಿಲ್ ಕಾನೂನಿನಲ್ಲಿ ವ್ಯಕ್ತಿಯ ಹಕ್ಕುಗಳನ್ನು ಕಾಯುವ ಕಲಮಿನ ಆಧಾರವಿದೆ. ಆಸ್ತಿಯ ಜೊತೆಗೆ ದೇಹ, ಬದುಕು, ದುಡಿಮೆಗೆ ಬರುವ ಧಕ್ಕೆಯನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಪಾರಿಯ ಮಟ್ಟಿಗೆ ಇದು ಎಷ್ಟು ಮುಖ್ಯ ಎಂಬುದು ಜಮೀನಿನ ವಿಷಯಕ್ಕೆ ಬಂದಾಗ ಗೊತ್ತಾಗುತ್ತದೆ.

ಕಂಪನಿಯ ಮಾತು, ಮತ್ತು ವಾಡಿಯ ಚಿಮಣಿ

ಹೋಲ್ಸಿಮ್ ಹೇಳುವುದನ್ನೂ ನ್ಯಾಯವಾಗಿ ಕೇಳಬೇಕು. ಯಾರು ಎಷ್ಟು ಇಂಗಾಲ ಬಿಡಬಹುದು ಎಂಬುದನ್ನು ಶಾಸನ ಮಾಡುವವರು ತೀರ್ಮಾನಿಸಬೇಕು, ಕೋರ್ಟುಗಳಲ್ಲ ಎಂಬುದು ಅದರ ವಾದ. 2050ರ ಹೊತ್ತಿಗೆ ನಿವ್ವಳ ಸೊನ್ನೆಗೆ, ಅಂದರೆ ಬಿಟ್ಟಷ್ಟು ಇಂಗಾಲವನ್ನು ಗಾಳಿಯಿಂದ ತೆಗೆದು ಸರಿದೂಗಿಸುವ ಸ್ಥಿತಿಗೆ ಬರುತ್ತೇವೆ ಎಂಬ ಮಾತನ್ನೂ ಅದು ಕೊಟ್ಟಿದೆ.

ಇದರ ಹಿಂದೆ ಒಂದು ಗಟ್ಟಿ ತರ್ಕ ಇದೆ. ಮನೆ, ಸೇತುವೆ, ಆಸ್ಪತ್ರೆ ಕಟ್ಟಲು ಸಿಮೆಂಟು ಬೇಕು. ಒಂದು ಕಂಪನಿ ಕಮ್ಮಿ ಮಾಡಿದರೆ ಇನ್ನೊಂದು ಆ ಜಾಗ ತುಂಬುತ್ತದೆ. ಪಾರಿಯ ಸುತ್ತ ಅಲೆತಡೆ ಕಟ್ಟಬೇಕಾದರೂ ಬೇಕಾಗುವುದು ಸಿಮೆಂಟೇ. ಶೇ 0.42 ಒಬ್ಬರ ಪಾಲಾದರೆ ಉಳಿದ ಶೇ 99.58 ಯಾರ ಪಾಲು, ಅವರನ್ನೆಲ್ಲ ಬಿಟ್ಟು ನಮ್ಮನ್ನೇ ಯಾಕೆ ಹಿಡಿದಿರಿ ಎಂದು ಕಂಪನಿಯವರು ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ.

ಆದರೆ ಈ ತರ್ಕಕ್ಕೆ ಇನ್ನೊಂದು ಮುಖವಿದೆ, ಅದು ಕರ್ನಾಟಕದಿಂದ ಚೆನ್ನಾಗಿ ಕಾಣುತ್ತದೆ. ಕಲಬುರಗಿ ಜಿಲ್ಲೆಯ ವಾಡಿಯಲ್ಲಿ ಎಸಿಸಿ ಕಂಪನಿಯ ದೊಡ್ಡ ಸಿಮೆಂಟ್ ಕಾರ್ಖಾನೆ ಇದೆ. ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲೂ ಆ ಸೀಮೆಯದ್ದೇ, ಅದೂ ಸುಣ್ಣದ ಕಲ್ಲೇ. ಹೋಲ್ಸಿಮ್ 2005ರಲ್ಲಿ ಎಸಿಸಿಯಲ್ಲಿ ಪಾಲು ಕೊಂಡಿತು. ಮುಂದಿನ ಹದಿನೇಳು ವರ್ಷ ವಾಡಿ ಅದರ ಜಾಗತಿಕ ಸಾಮ್ರಾಜ್ಯದ ಒಂದು ಮೂಲೆಯಾಗಿತ್ತು. 2022ರಲ್ಲಿ ಎಸಿಸಿ, ಅಂಬುಜಾ ಎರಡನ್ನೂ ಅದಾನಿ ಸಮೂಹಕ್ಕೆ ಮಾರಿ ಹೋಲ್ಸಿಮ್ ಭಾರತ ಬಿಟ್ಟಿತು. ಅದಕ್ಕೂ ಮೊದಲೇ ಇಂಡೋನೇಷ್ಯಾದ ಕಾರ್ಖಾನೆಗಳು ಅಲ್ಲಿನ ಸರ್ಕಾರಿ ಸಿಮೆಂಟ್ ಕಂಪನಿಯ ಕೈಸೇರಿದ್ದವು.

ಮಾರಿದ ಮರುದಿನ ಕಂಪನಿಯ ಪುಸ್ತಕದಲ್ಲಿ ಹೊಗೆ ಇಳಿಯುತ್ತದೆ. ವಾಡಿಯ ಚಿಮಣಿ ಮಾತ್ರ ಹಾಗೇ ಉರಿಯುತ್ತದೆ. ಗಾಳಿಗೆ ಮಾಲೀಕನ ಹೆಸರು ಗೊತ್ತಿಲ್ಲವಲ್ಲ! ಹಾಗಾದರೆ ಆ ಹದಿನೇಳು ವರ್ಷದ ಹೊಗೆ ಯಾರ ಖಾತೆಗೆ? ಇನ್ನು ಮುಂದೆ ಶೇ 43 ತಗ್ಗಿಸಿ ಎಂದು ಕೋರ್ಟು ಆದೇಶ ಕೊಟ್ಟರೆ, ನಾಲ್ಕು ಕಾರ್ಖಾನೆ ಮಾರಿ ಆದೇಶ ಪಾಲಿಸಿದ್ದೇವೆ ಅನ್ನಬಹುದೇ? ಈ ಮೊಕದ್ದಮೆಯ ಅತಿ ಕಷ್ಟದ ಪ್ರಶ್ನೆ ಇದೇ ಎಂದು ನನಗನಿಸುತ್ತದೆ. ಪರಿಹಾರದ ಬೇಡಿಕೆ ಹಳೆಯ ಹೊಗೆಯ ಬಗ್ಗೆ ಇರುವುದರಿಂದ ಅದನ್ನು ಮಾರಿ ತಪ್ಪಿಸಿಕೊಳ್ಳುವುದು ಕಷ್ಟ. ಹೊಗೆ ತಗ್ಗಿಸುವ ಬೇಡಿಕೆಗೆ ಆ ರಕ್ಷಣೆ ಇಲ್ಲ.

ಹಿಂದೆ ಹೋದವರ ಗತಿ ಏನಾಯಿತು?

ಬೇರೆ ದೇಶಗಳ ತೀರ್ಪುಗಳನ್ನು ನೋಡಿದರೆ ಎರಡೂ ಕಡೆಯವರಿಗೆ ಹಿಡಿದುಕೊಳ್ಳಲು ಏನೋ ಸಿಗುತ್ತದೆ. ಪೆರುವಿನ ಒಬ್ಬ ರೈತ ಜರ್ಮನಿಯ ವಿದ್ಯುತ್ ಕಂಪನಿ ಆರ್‌ಡಬ್ಲ್ಯುಇ ಮೇಲೆ 2015ರಲ್ಲಿ ದಾವೆ ಹಾಕಿದ್ದರು. ಹಿಮ ಕರಗಿ ತುಂಬಿದ ಕೆರೆ ಒಡೆದು ಮನೆ ಕೊಚ್ಚಿಹೋಗಬಹುದು, ಅದಕ್ಕೆ ಕಂಪನಿ ತನ್ನ ಪಾಲು ಕೊಡಲಿ ಎಂಬ ಇದೇ ಮಾದರಿಯ ಬೇಡಿಕೆ. 2025ರ ಮೇ ತಿಂಗಳಲ್ಲಿ ಹಾಮ್ ನಗರದ ಮೇಲಿನ ಕೋರ್ಟು ದಾವೆ ವಜಾ ಮಾಡಿತು, ಆ ಒಂದು ಮನೆಗೆ ನೀರು ನುಗ್ಗುವ ಸಂಭವ ತೀರಾ ಕಮ್ಮಿ ಎಂಬ ಕಾರಣಕ್ಕೆ. ಆದರೆ ದೊಡ್ಡ ಪ್ರಮಾಣದಲ್ಲಿ ಹೊಗೆ ಬಿಡುವ ಕಂಪನಿ ದೂರದೇಶದ ಹಾನಿಗೂ ತತ್ವಶಃ ಹೊಣೆಯಾಗಬಹುದು ಎಂದೂ ಬರೆಯಿತು. ರೈತ ಸೋತರು, ಅವರ ವಾದ ಉಳಿಯಿತು. ಪಾರಿಗೆ ಇದು ಅನುಕೂಲ. ಪೆರುವಿನದ್ದು ಮುಂದೆ ಆಗಬಹುದಾದ ಅಪಾಯ, ಪಾರಿಯಲ್ಲಿ ನೀರು ಈಗಾಗಲೇ ಬಂದುಹೋಗಿದೆ.

ನೆದರ್ಲೆಂಡ್ಸಿನಲ್ಲಿ ನಡೆದ ತೈಲ ಕಂಪನಿ ಶೆಲ್‌ನ ಪ್ರಕರಣ ಮಾತ್ರ ಎಚ್ಚರಿಕೆಯ ಗಂಟೆ. 2021ರಲ್ಲಿ ಕೆಳಗಿನ ಕೋರ್ಟು ಶೇ 45 ತಗ್ಗಿಸಿ ಎಂದಿತ್ತು. 2024ರ ನವೆಂಬರ್‌ನಲ್ಲಿ ಮೇಲ್ಮನವಿ ಕೋರ್ಟು ಅದನ್ನು ತೆಗೆದುಹಾಕಿತು. ಕಂಪನಿಗೆ ಹೊಣೆ ಇದೆ, ಆದರೆ ಇಂತಿಷ್ಟೇ ಶೇಕಡಾ ಎಂದು ಕೋರ್ಟು ಹೇಳಲಾಗದು, ಶೆಲ್ ಮಾರದಿದ್ದರೆ ಬೇರೆಯವರು ಮಾರುತ್ತಾರೆ ಎಂದಿತು. ಹೋಲ್ಸಿಮ್ ವಕೀಲರು ಇದನ್ನು ಖಂಡಿತ ಮುಂದಿಡುತ್ತಾರೆ.

ಇನ್ನೊಂದು ಕಡೆ 2025ರ ಜುಲೈನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಸಲಹಾ ಅಭಿಪ್ರಾಯ ಕೊಟ್ಟಿತು. ಹವಾಮಾನವನ್ನು ಕಾಯುವುದು ದೇಶಗಳ ಕಾನೂನುಬದ್ಧ ಕರ್ತವ್ಯ, ತಪ್ಪಿದರೆ ಪರಿಹಾರದ ಪ್ರಶ್ನೆಯೂ ಏಳಬಹುದು ಎಂದಿತು. ನಮ್ಮ ಸುಪ್ರೀಂ ಕೋರ್ಟು 2024ರಲ್ಲಿ, ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ಮುಕ್ತವಾಗಿರುವ ಹಕ್ಕು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲೇ ಇದೆ ಎಂದಿದೆ. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಇವು ತೋರಿಸುತ್ತವೆ. ಪಾರಿಯ ನಾಲ್ವರಿಗೆ ನೇರವಾಗಿ ಏನೂ ಕೊಡುವುದಿಲ್ಲ.

ಝುಗ್‌ನಲ್ಲಿ ಮುಂದೆ ಕಷ್ಟವಾಗುವುದು ಕಾರಣಗಳನ್ನು ಬಿಡಿಸುವಲ್ಲಿ. ಸಮುದ್ರ ಏರಿದ್ದು ನಿಜ. ಆದರೆ ಮೀನು ಕಮ್ಮಿಯಾಗಿದ್ದು ಬಿಸಿಯಿಂದಲೋ, ಜಕಾರ್ತದ ಕೊಳೆಯಿಂದಲೋ? ದಡ ಕೊರೆದದ್ದು ಏರಿದ ಉಬ್ಬರವೋ, ಸುತ್ತಮುತ್ತ ನಡೆದ ಹೂಳೆತ್ತುವ ಕೆಲಸವೋ? ಬಹುಶಃ ಎಲ್ಲವೂ ಸೇರಿಯೇ. ಯಾವುದು ಎಷ್ಟು ಎಂದು ಬಿಡಿಸಿ ತೋರಿಸುವ ಭಾರ ದಾವೆ ಹೂಡಿದವರ ಮೇಲಿದೆ.

ಇದಕ್ಕಿಂತ ಹಳೆಯ ಜಗಳ: ದ್ವೀಪ ಯಾರದ್ದು?

ಹವಾಮಾನದ ಸುದ್ದಿಗಳಲ್ಲಿ ಇದು ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಪಾರಿಯ ಭವಿಷ್ಯ ಇರುವುದು ಹೆಚ್ಚಾಗಿ ಇಲ್ಲೇ ಅನ್ನುವುದು ನನ್ನ ಅಭಿಪ್ರಾಯ.

ಬುಮಿ ಪಾರಿ ಅಸ್ರಿ ಎಂಬ ಖಾಸಗಿ ಕಂಪನಿ ದ್ವೀಪದ ಸುಮಾರು ಶೇ 90 ತನ್ನದು ಎನ್ನುತ್ತದೆ. ಅದರ ಹಕ್ಕಿಗೆ ಆಧಾರವಾದ ಜಮೀನು ಪತ್ರಗಳು 2014–15ರ ಸುಮಾರಿಗೆ ಆದಂಥವು. ಊರಿನವರು ತಲೆಮಾರುಗಳಿಂದ ಅಲ್ಲೇ ಇದ್ದವರು. 1980ರ ದಶಕದಲ್ಲಿ ನಮ್ಮ ಹಳೆಯ ಕಂದಾಯ ಕಾಗದಗಳನ್ನು ಸ್ಥಳೀಯ ಕಚೇರಿಯವರು ಹೊಸದು ಮಾಡಿಕೊಡುತ್ತೇವೆ ಎಂದು ತೆಗೆದುಕೊಂಡು ಹೋದರು, ವಾಪಸ್ ಕೊಡಲಿಲ್ಲ ಎಂಬುದು ಅವರ ಅಳಲು. ಪಹಣಿ, ಖಾತೆ ಅಂತ ತಾಲ್ಲೂಕು ಕಚೇರಿ ಅಲೆದವರಿಗೆ ಇದು ಹೊಸ ಕಥೆ ಅನ್ನಿಸಲಿಕ್ಕಿಲ್ಲ.

2017ರಲ್ಲಿ ಪಾಸಿರ್ ಪೆರಾವಾನ್ ತೀರದಲ್ಲಿ ಪ್ರವಾಸಿಗರಿಂದ ಪ್ರವೇಶ ಶುಲ್ಕ ತೆಗೆದುಕೊಂಡರು ಎಂದು ಊರಿನವರನ್ನೇ ಪೊಲೀಸರು ಅಕ್ರಮ ವಸೂಲಿ ಆರೋಪದಲ್ಲಿ ಹಿಡಿದರು. ತಾವೇ ಗುಡಿಸಿ ಕಾಯ್ದ ತೀರದಲ್ಲಿ ತಾವೇ ಅಪರಾಧಿಗಳಾದರು. 2018ರಲ್ಲಿ ಇಂಡೋನೇಷ್ಯಾದ ಒಂಬುಡ್ಸ್‌ಮನ್, ಅಂದರೆ ಆಡಳಿತದ ಲೋಪ ವಿಚಾರಿಸುವ ಸಂಸ್ಥೆ, ಆ ಜಮೀನು ಪತ್ರಗಳನ್ನು ಕೊಟ್ಟ ರೀತಿಯಲ್ಲಿ ಲೋಪವಾಗಿದೆ ಎಂದಿತು. ಆದರೂ ಜಗಳ ಬಗೆಹರಿದಿಲ್ಲ. 2025ರ ಜನವರಿಯಲ್ಲಿ ಪಾರಿಯ ಸುತ್ತಲ ಆಳವಿಲ್ಲದ ನೀರಿನಲ್ಲಿ ಬೇರೊಂದು ಪ್ರವಾಸೋದ್ಯಮ ಯೋಜನೆಗಾಗಿ ನಡೆಯುತ್ತಿದ್ದ ಅಗೆತವನ್ನು ಕಡಲು ಮತ್ತು ಮೀನುಗಾರಿಕೆ ಸಚಿವಾಲಯ ತಡೆಯಬೇಕಾಯಿತು. ಊರಿನವರು ನೆಟ್ಟ ಕಾಂಡ್ಲಾ ಹಾಳಾಯಿತು ಎಂಬ ದೂರೂ ಆ ಹೊತ್ತಿಗೆ ಎದ್ದಿತ್ತು.

ಜಮೀನಿಗೂ ಸಮುದ್ರಕ್ಕೂ ಏನು ಸಂಬಂಧ? ಬಹಳ ಇದೆ. ಹಕ್ಕುಪತ್ರ ಇಲ್ಲದವರಿಗೆ ಬ್ಯಾಂಕು ಸಾಲ ಕೊಡುವುದಿಲ್ಲ, ಸಾಲ ಇಲ್ಲದೆ ಮನೆಯ ಅಡಿಪಾಯ ಎತ್ತರಿಸಲು ಆಗುವುದಿಲ್ಲ. ನಾಳೆ ಯಾರೋ ಎಬ್ಬಿಸುತ್ತಾರೆ ಎಂಬ ಭಯ ಇದ್ದರೆ ಯಾರು ತಾನೇ ಗಟ್ಟಿ ಮನೆ ಕಟ್ಟುತ್ತಾರೆ? ಸರ್ಕಾರ ತಡೆಗೋಡೆಗೆ ದುಡ್ಡು ಕೊಟ್ಟರೂ ಅದರ ಲಾಭ ಕಾಗದ ಇದ್ದವರಿಗೆ. ಇದಕ್ಕಿಂತ ಕಟುವಾದದ್ದು ಇನ್ನೊಂದಿದೆ. ಇಂಡೋನೇಷ್ಯಾದ 2021ರ ಜಮೀನು ನಿಯಮಗಳ ಪ್ರಕಾರ ಗುರುತು ಸಿಗದಂತೆ ಸಮುದ್ರ ಸೇರಿದ ನೆಲದ ಮೇಲಿನ ಹಕ್ಕು ರದ್ದಾಗುತ್ತದೆ. ಅದನ್ನು ಮತ್ತೆ ತುಂಬಿಸಿ ನಿಲ್ಲಿಸುವ ಮೊದಲ ಅವಕಾಶ ಹಕ್ಕುಪತ್ರ ಇದ್ದವರಿಗೆ. ಪತ್ರವೇ ಇಲ್ಲದವರಿಗೆ ನೆಲವೂ ಹೋಯಿತು, ಆ ಅವಕಾಶವೂ ಹೋಯಿತು.

ವ್ಯಕ್ತಿಯ ಹಕ್ಕಿನ ಮೇಲೆ ದಾವೆ ಹಾಕಿದ್ದರ ತೂಕ ಈಗ ಗೊತ್ತಾಗುತ್ತದೆ. ಬರೀ "ನನ್ನ ಆಸ್ತಿ ಹಾಳಾಯಿತು" ಎಂದಿದ್ದರೆ ಆಸ್ತಿ ನಿನ್ನದು ಅನ್ನುವುದಕ್ಕೆ ಏನು ಆಧಾರ ಎಂಬ ಪ್ರಶ್ನೆಯಲ್ಲೇ ವರ್ಷಗಳು ಕಳೆಯುತ್ತಿದ್ದವು.

ಗೋಡೆಯ ಆಚೆ ಉಳಿಯುವ ಊರು

ಇಂಡೋನೇಷ್ಯಾ ಸರ್ಕಾರ ಸಮುದ್ರ ಏರುವುದನ್ನು ಕಣ್ಣುಮುಚ್ಚಿ ನೋಡುತ್ತಿದೆ ಎಂದಲ್ಲ. ಕೊಳವೆಬಾವಿಗಳಿಂದ ಅಂತರ್ಜಲ ಹೀರಿ ಹೀರಿ ಉತ್ತರ ಜಕಾರ್ತದ ನೆಲವೇ ಕುಸಿದಿದೆ. ಹಾಗಾಗಿ ಅಧ್ಯಕ್ಷ ಪ್ರಬೋವೊ ಸುಬಿಯಾಂತೊ ಜಾವಾದ ಉತ್ತರ ತೀರದಲ್ಲಿ ಸುಮಾರು 500 ಕಿಲೋಮೀಟರ್ ಉದ್ದದ ದೈತ್ಯ ಕಡಲಗೋಡೆಯ ಮಾತಾಡುತ್ತಿದ್ದಾರೆ. ಅಂದಾಜು ಖರ್ಚು 8,000 ಕೋಟಿ ಡಾಲರ್. ಅದಕ್ಕೆಂದೇ 2025ರ ಆಗಸ್ಟಿನಲ್ಲಿ ಪ್ರಾಧಿಕಾರವನ್ನೂ ಮಾಡಿದರು. ಆ ಗೋಡೆ ಜಾವಾ ದಡಕ್ಕೆ. ಪಾರಿ ಅದರ ಆಚೆ, ನೀರಿನ ಕಡೆ ಉಳಿಯುತ್ತದೆ. ಕೋಟಿ ಜನರ ನಗರ ಉಳಿಸುವ ಲೆಕ್ಕದಲ್ಲಿ 1,500 ಜನರ ಊರು ಎಲ್ಲಿ ಬರುತ್ತದೆ ಎಂದು ಊಹಿಸುವುದು ಕಷ್ಟವಲ್ಲ.

ಹವಾಮಾನ ಹಾನಿಗೆಂದು 2022ರ ಶೃಂಗಸಭೆಯಲ್ಲಿ ಒಪ್ಪಿದ ಜಾಗತಿಕ ನಿಧಿಯೂ ಇದೆ. ಅದರ ಬಾಗಿಲು ತಟ್ಟಬೇಕಾದದ್ದು ಮುಖ್ಯವಾಗಿ ಸರ್ಕಾರಗಳ ಮೂಲಕ. ಒಂದು ಊರಿಗೆ ನೇರ ಹೋಗಲು ಉಳಿದ ದಾರಿ ಕೋರ್ಟು.

ಪಾರಿಯ ಮುಂದಿರುವ ದಾರಿಗಳಲ್ಲಿ ಪೂರ್ತಿ ಮುಳುಗುವುದು ಕೊನೆಯದು. ಅದಕ್ಕೂ ಮೊದಲೇ ಊರು ಖಾಲಿಯಾಗಬಹುದು. ಬಾವಿ ಉಪ್ಪಾಗಿ, ಹೋಮ್‌ಸ್ಟೇ ನಡೆಯದೆ, ಹುಡುಗರು ಜಕಾರ್ತಕ್ಕೆ ಕೆಲಸಕ್ಕೆ ಹೋಗಿ ಅಲ್ಲೇ ಉಳಿದರೆ ನೆಲ ಇದ್ದರೂ ಜನ ಇರುವುದಿಲ್ಲ. ಖಾಲಿ ದ್ವೀಪವನ್ನು ರೆಸಾರ್ಟ್ ಮಾಡಲು ದುಡ್ಡಿದ್ದವರಿಗೆ ಕಷ್ಟವಿಲ್ಲ. ತಡೆಗೋಡೆ ಕಟ್ಟಿಸುವ ತಾಕತ್ತೂ ಅವರಿಗಿರುತ್ತದೆ. ಸಮುದ್ರ ಏರಿದರೂ ದ್ವೀಪ ಉಳಿದು ಊರು ಮಾತ್ರ ಹೋಗುವ ಸಾಧ್ಯತೆ ಇದು. ಉಳ್ಳಾಲದ ಕಡೆ ಕಡಲ್ಕೊರೆತಕ್ಕೆ ಪ್ರತಿವರ್ಷ ಕಲ್ಲು ಸುರಿಯುವುದನ್ನು ನೋಡಿದವರಿಗೆ ಯಾರ ಮನೆಯ ಮುಂದೆ ಕಲ್ಲು ಮೊದಲು ಬೀಳುತ್ತದೆ ಎಂಬ ಪ್ರಶ್ನೆ ಅರ್ಥವಾಗುತ್ತದೆ.

ಇನ್ನೆಷ್ಟು ಕಾಲ?

ಈಗ ಹೋಲ್ಸಿಮ್‌ನ ಮೇಲ್ಮನವಿ. ಅದು ಸ್ವಿಟ್ಜರ್ಲೆಂಡಿನ ಅತ್ಯುನ್ನತ ಕೋರ್ಟಿನ ತನಕವೂ ಹೋಗಬಹುದು. ಅಲ್ಲೂ ದಾವೆ ಉಳಿದರೆ ಆಮೇಲೆ ಸಾಕ್ಷ್ಯ, ತಜ್ಞರು, ಲೆಕ್ಕ. ಪೆರುವಿನ ರೈತನ ಪ್ರಕರಣಕ್ಕೆ ಸುಮಾರು ಹತ್ತು ವರ್ಷ ಹಿಡಿಯಿತು. ಇದಕ್ಕೂ ಅಷ್ಟೇ ಆದರೆ ತೀರ್ಪು ಬರುವುದು 2033ರ ಆಸುಪಾಸು. ಅಷ್ಟರಲ್ಲಿ "2030ರೊಳಗೆ ಶೇ 43" ಎಂಬ ಬೇಡಿಕೆಯ ಗಡುವೇ ದಾಟಿರುತ್ತದೆ. ಉಳಿಯುವುದು 2040ರ ಗುರಿ ಮತ್ತು ಆ ತಲಾ 3,600 ಫ್ರಾಂಕ್. ಆ ಸಣ್ಣ ಮೊತ್ತ ಮಂಜೂರಾದರೂ ಕಂಪನಿಗಳು, ವಿಮೆಯವರು, ಸಾಲ ಕೊಡುವ ಬ್ಯಾಂಕುಗಳು ಎದ್ದು ಕೂರುತ್ತಾರೆ. ಶೇ 0.42ರ ಲೆಕ್ಕ ಒಂದು ದ್ವೀಪಕ್ಕೆ ಒಪ್ಪಿಗೆಯಾದರೆ ಕರಾವಳಿಯ ಸಾವಿರಾರು ಊರುಗಳು ಅದೇ ಲೆಕ್ಕ ಹಿಡಿದು ಬರಬಹುದು.

ಜಮೀನಿನ ವಿಷಯಕ್ಕೆ ಇಷ್ಟು ಕಾಯಬೇಕಾಗಿಲ್ಲ. ಲೋಪ ಇದೆ ಎಂದು ಒಂಬುಡ್ಸ್‌ಮನ್ ಬರೆದು ವರ್ಷಗಳಾದವು. ಆ ಪತ್ರಗಳನ್ನು ಮತ್ತೆ ಪರಿಶೀಲಿಸಿ ಊರಿನವರ ಹಕ್ಕು ತೀರ್ಮಾನಿಸಲು ಬೇಕಾದ ಕಡತಗಳೆಲ್ಲ ಇರುವುದು ಜಕಾರ್ತದಲ್ಲೇ, ಪಾರಿಯಿಂದ ದೋಣಿಯಲ್ಲಿ ಒಂದೆರಡು ಗಂಟೆಯ ದಾರಿ.